ಅಮೆರಿಕದ ಕಾರಿಗೆ ಅರಿಶಿಣ

ತೊಂಬತ್ತರ ದಶಕದಲ್ಲಿ ಕೆಲವು ವರ್ಷ, ಪುಣೆಯ ಖಡಕಿಯಲ್ಲಿದ್ದ ನಮ್ಮ ಬಾಡಿಗೆ ಮನೆಯ ಅಂಗಳದಲ್ಲಿ ಒಂದು ಹಳೆಯ ಅಮೆರಿಕದ ಕಾರು ನಿಂತಿತ್ತು. ಅದರ ಎಂಜಿನ್ ಯಾಕೆ ಅಷ್ಟು ಬಿಸಿಯಾಗಿ ಕಾಯುತ್ತಿತ್ತು ಎಂಬುದನ್ನು ನಮ್ಮ ಬಳಗದಲ್ಲಿ ಇವತ್ತಿಗೂ ಒಬ್ಬೊಬ್ಬರು ಒಂದೊಂದು ತರಹ ಹೇಳುತ್ತಾರೆ. ಕಾರಿಗೆ ವಯಸ್ಸಾಗಿತ್ತು ಎನ್ನುವವರಿದ್ದಾರೆ. ಹಾಕಿದ ನೀರು ಸರಿ ಇರಲಿಲ್ಲ ಎನ್ನುವವರೂ ಇದ್ದಾರೆ. ಹೋದ ತಿಂಗಳು ಮೊಮ್ಮಗಳು ನನಗೆ ಫೋನಿನಲ್ಲಿ ಕನ್ನಡ ಟೈಪು ಮಾಡುವುದನ್ನು ಕಲಿಸಿದಳು. ಕಲಿತ ಮೇಲೆ ಮೊದಲು ಇದನ್ನೇ ಬರೆದು ಹಗುರಾಗುತ್ತೇನೆ: ಆ ಕಾರನ್ನು ಕಾಯಿಸಿದವಳು ನಾನು.

ನಮ್ಮ ಮನೆಯವರು ಪಿಂಪ್ರಿಯ ಒಂದು ಕಾರ್ಖಾನೆಯಲ್ಲಿ ಗುಮಾಸ್ತರು. ಬಾಗಲಕೋಟೆ ಕಡೆಯಿಂದ ಬಂದ ನಮಗೆ ಮೊದಲು ಸೈಕಲ್ಲು, ಆಮೇಲೆ ಸ್ಕೂಟರ್, ಅಷ್ಟೇ ಗೊತ್ತು. ಕ್ಯಾಂಟೋನ್ಮೆಂಟಿನ ಬಂಗಲೆಯೊಂದರಲ್ಲಿದ್ದ ನಿವೃತ್ತ ಸೈನ್ಯಾಧಿಕಾರಿಯೊಬ್ಬರಿಗೆ ಇವರು ರಜೆಯ ದಿನ ಹೋಗಿ ಕಾಗದಪತ್ರ ಟೈಪು ಮಾಡಿಕೊಡುತ್ತಿದ್ದರು. ಆ ಅಧಿಕಾರಿ ಊರು ಬಿಟ್ಟು ಹೊರಟಾಗ, ತಮ್ಮ ಕಾರನ್ನು ಗುಜರಿಗೆ ಹಾಕಲು ಮನಸ್ಸು ಬಾರದೆ ಇವರಿಗೆ ಕೊಟ್ಟುಹೋದರು.

ತಿಳಿ ಹಸಿರು ಬಣ್ಣ. ಹಿಂದೆ ಮೀನಿನ ರೆಕ್ಕೆಯಂತೆ ಎದ್ದ ಎರಡು ಮೂಲೆ. ಮುಂದಿನ ಬೆಳ್ಳಿ ಬಣ್ಣದ ಜಾಲರಿ ನೋಡಿದರೆ ಯಾರೋ ಹೊಸ ಹಲ್ಲು ಕಟ್ಟಿಸಿಕೊಂಡು ನಕ್ಕ ಹಾಗೆ. ನಾನು ಹಪ್ಪಳ, ಸಂಡಿಗೆ, ಶಾವಿಗೆ ಒಣಹಾಕುತ್ತಿದ್ದ ಅಂಗಳವನ್ನೆಲ್ಲ ಅದು ನುಂಗಿಬಿಟ್ಟಿತು. ನಾನು ಬಿಡುವವಳೇ? ಇವರು ಕೆಲಸಕ್ಕೆ ಹೋದ ಮೇಲೆ ಅದರ ನೆತ್ತಿಯ ಮೇಲೇ ಸೀರೆ ಹಾಸಿ ಹಪ್ಪಳ ಒಣಗಿಸುತ್ತಿದ್ದೆ. ಇವರ ಕಟ್ಟಪ್ಪಣೆ ಒಂದೇ: "ಗಾಡಿಗೆ ಯಾರೂ ಕೈ ಹಚ್ಚಬ್ಯಾಡ್ರಿ." ನಾನು ಹಚ್ಚುತ್ತಿದ್ದೆ. ಸಂಜೆ ಬಂದು ಒರೆಸುವಾಗ ಅವರಿಗೆ ಜೀರಿಗೆ ಸಿಗುತ್ತಿತ್ತು.

ಆದರೂ ಆ ಕಾರು ನನಗೆ ಬೇಕಾಗಿತ್ತು. ಅದರ ಮುಂದಿನ ಸೀಟು ಎರಡಲ್ಲ, ಒಂದೇ. ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಸೋಫಾದಂತೆ ಹಾಸಿತ್ತು. ಅತ್ತೆ ಮಾವ ಇರುವವರೆಗೆ ನಾವಿಬ್ಬರೂ ಎಲ್ಲಿಯೂ ಒಂದೇ ಹಾಸಿನ ಮೇಲೆ ಅಕ್ಕಪಕ್ಕ ಕೂತವರಲ್ಲ. ಸಿನೆಮಾಕ್ಕೆ ಹೋದರೂ ನಡುವೆ ಒಬ್ಬ ನಾದಿನಿ ಇರಲೇಬೇಕು. ಮದುವೆಯಾಗಿ ಇಪ್ಪತ್ತು ವರ್ಷದ ಮೇಲೆ, ಎಲ್ಲರ ಎದುರಿಗೆ, ಹಾಡುಹಗಲಲ್ಲಿ ಅವರ ಪಕ್ಕ ಕೂತದ್ದು ಆ ಸೀಟಿನ ಮೇಲೆ.

ಇನ್ನೊಂದು ಕಾರಣವೂ ಇತ್ತು. ಆ ಕಾರಿನ ಸ್ಟೀರಿಂಗು ಎಡಗಡೆಗೆ. ನಮ್ಮ ರಸ್ತೆಯಲ್ಲಿ ಮುಂದಿನ ಟ್ರಕ್ಕನ್ನು ದಾಟಬೇಕೆಂದರೆ ಎದುರಿಗೆ ಏನು ಬರುತ್ತಿದೆ ಎಂದು ಎಡಗಡೆ ಕೂತ ಅವರಿಗೆ ಕಾಣುತ್ತಿರಲಿಲ್ಲ, ಬಲಗಡೆ ಕೂತ ನನಗೆ ಕಾಣುತ್ತಿತ್ತು. ನಾನು ಕಿಟಕಿಯಿಂದ ಇಣುಕಿ, "ತಡೀರಿ, ಬಸ್ ಬರಾಕತ್ತದ" ಎನ್ನಬೇಕು. ರಸ್ತೆ ಖಾಲಿಯಾದರೆ ಹಿಂದಿನವರಿಗೆ ತಿಳಿಯುವಂತೆ ಬಲಗೈ ಹೊರಗೆ ಚಾಚಿ, "ಹೋಗ್ರಿ, ಖಾಲಿ ಅದ" ಎನ್ನಬೇಕು. ನನ್ನ ಹಸಿರು ಬಳೆಗಳೇ ಆ ಕಾರಿನ ಇಂಡಿಕೇಟರ್. ನಾನಿಲ್ಲದೆ ಅವರು ಅದನ್ನು ಖಡಕಿಯ ಆಚೆ ಒಯ್ಯುತ್ತಲೇ ಇರಲಿಲ್ಲ.

ಒಮ್ಮೆ ಸಾತಾರಾ ಕಡೆ ಬಂಧುಗಳ ಮನೆಯಲ್ಲಿ ಉಡಿ ತುಂಬುವ ಕಾರ್ಯಕ್ಕೆ ಹೊರಟಿದ್ದೆವು. ಕಾತ್ರಜ ಘಾಟಿನ ನಡುವೆ ಕಾರಿನ ಮುಂದೆ ನೀರು ತೊಟ್ಟಿಕ್ಕತೊಡಗಿತು. ಎಂಜಿನ್ನಿನ ಬಿಸಿ ನೀರನ್ನು ತಣಿಸುವ ರೇಡಿಯೇಟರಿನಲ್ಲಿ ಸೂಜಿಮೊನೆಯಷ್ಟು ತೂತು. ಪಕ್ಕದಲ್ಲಿ ಟ್ರಕ್ಕು ನಿಲ್ಲಿಸಿದ್ದ ಡ್ರೈವರ್ ಬಂದು ನೋಡಿ, ಅರಿಶಿಣ ಇದೆಯೇ ಎಂದು ನನ್ನನ್ನು ಮರಾಠಿಯಲ್ಲಿ ಕೇಳಿದ, "ವಹಿನಿ, ಹಳದ ಆಹೆ ಕಾ?" ಉಡಿ ತುಂಬಲು ಹೊರಟವಳ ಚೀಲದಲ್ಲಿ ಅರಿಶಿಣ ಇಲ್ಲದಿರುತ್ತದೆಯೇ? ಆತ ಎರಡು ಚಿಟಿಕೆ ಅರಿಶಿಣವನ್ನು ರೇಡಿಯೇಟರಿನ ಬಾಯಿಗೆ ಹಾಕಿದ. ಸ್ವಲ್ಪ ಹೊತ್ತಿಗೆ ತೂತು ಮುಚ್ಚಿ ಸೋರುವುದು ನಿಂತಿತು. ಹೆಣ್ಣುಮಕ್ಕಳ ಗುಂಪಿನಲ್ಲಿ ಆ ದಿನವೆಲ್ಲ ನನ್ನದೇ ಮಾತು: ಅಮೆರಿಕದ ಗಾಡಿಗೂ ನಮ್ಮ ಅರಿಶಿಣವೇ ಬೇಕಾಯಿತು.

ಅಲ್ಲಿಗೆ ಬಿಡಬೇಕಿತ್ತು. ನಾನು ಬಿಡಲಿಲ್ಲ. ಎರಡು ಚಿಟಿಕೆಗೆ ಇಷ್ಟು ಗುಣವಾದರೆ ವಾರಕ್ಕೊಮ್ಮೆ ಕೊಟ್ಟರೆ ಮುಂದೆಂದೂ ಸೋರಲಿಕ್ಕಿಲ್ಲ ಎಂದು ನನ್ನ ಲೆಕ್ಕ. ಪ್ರತಿ ಭಾನುವಾರ ಬೆಳಿಗ್ಗೆ ಇವರು ಸ್ನಾನಕ್ಕೆ ಹೋದೊಡನೆ, ಬಾನೆಟ್ ಎತ್ತಿ, ರೇಡಿಯೇಟರಿನ ಮುಚ್ಚಳ ತಿರುಗಿಸಿ, ಒಂದು ಚಮಚ ಅರಿಶಿಣ ಹಾಕಿ ಬಂದುಬಿಡುತ್ತಿದ್ದೆ.

ಮಳೆಗಾಲ ಕಳೆಯುವ ಹೊತ್ತಿಗೆ ಕಾರು ಕಾಯತೊಡಗಿತು. ಬಿಸಿ ತೋರಿಸುವ ಮುಳ್ಳು ನಡುವೆ ನಿಲ್ಲುವುದು ಬಿಟ್ಟು ಬಲಕ್ಕೆ ಏರುತ್ತಿತ್ತು, ಬಾನೆಟ್ಟಿನ ಸಂದಿಯಿಂದ ಹಬೆ ಬರುತ್ತಿತ್ತು. ನನಗೆ ಗಾಬರಿ. ಮದ್ದು ಸಾಲುತ್ತಿಲ್ಲ ಎಂದುಕೊಂಡು ಎರಡು ಚಮಚ ಹಾಕತೊಡಗಿದೆ.

ಇವರು ಗಾಡಿ ರಿಪೇರಿಯ ಮಿಸ್ತ್ರಿಯನ್ನು ಕರೆತಂದರು. ಸೈನ್ಯದ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತನಾದ ಸೋಲಾಪುರ ಕಡೆಯ ಮನುಷ್ಯ, ಕನ್ನಡ ಚೆನ್ನಾಗಿ ಬರುತ್ತಿತ್ತು. ಆತ ಮೊದಲು ಕಾರನ್ನು ಮುಟ್ಟಲಿಲ್ಲ. ಡಾಕ್ಟರರಂತೆ ಕಟ್ಟೆಯ ಮೇಲೆ ಕೂತು ಕೇಳಿದ.

"ನಿಂತಾಗ ಕಾಯ್ತದೋ, ಓಡೂ ಮುಂದ ಕಾಯ್ತದೋ, ಸಾಹೇಬ್ರ?"

"ಓಡೂ ಮುಂದ. ಘಾಟ ಹತ್ತೂ ಮುಂದಂತೂ ಕೇಳಬ್ಯಾಡ."

"ನಿಂತಾಗ ಕಾದ್ರ ಗಾಳಿ ಸಾಲವಲ್ದು ಅಂತ ತಿಳೀಬೇಕು. ಓಡೂ ಮುಂದ ಕಾದ್ರ ಒಳಗ ನೀರು ತಿರಗವಲ್ದು."

ಆಮೇಲೆ ಎದ್ದು ಫ್ಯಾನಿನ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದ. ಬಿಗಿಯಾಗಿತ್ತು. ರೇಡಿಯೇಟರಿನ ಮುಚ್ಚಳದ ರಬ್ಬರು ನೋಡಿದ. ಅದೂ ಗಟ್ಟಿ. ಕೆಳಗಿನ ಪುಟ್ಟ ನಲ್ಲಿ ತಿರುಗಿಸಿದ. ನೀರು ಜೋರಾಗಿಯೇ ಬಂತು, ಆದರೆ ಕಂದು ಹಳದಿ ಬಣ್ಣ.

"ತುಕ್ಕು," ಎಂದ ಮಿಸ್ತ್ರಿ. "ಹಳೇ ಗಾಡಿ, ಇದ್ದದ್ದ."

ನಾನು ತುಳಸಿಕಟ್ಟೆಯ ಹತ್ತಿರ ನಿಂತು ಆ ಬಣ್ಣವನ್ನೇ ನೋಡಿದೆ.

ಮುಂದಿನ ಪರೀಕ್ಷೆ ನನ್ನ ಅಡುಗೆಮನೆಯಲ್ಲೇ ನಡೆಯಿತು. ಥರ್ಮೋಸ್ಟಾಟ್ ಎಂದು ಒಂದಿರುತ್ತದೆ. ಎಂಜಿನ್ ಬಿಸಿಯಾದಾಗ ತೆರೆದುಕೊಂಡು ನೀರಿಗೆ ದಾರಿ ಬಿಡುವ ಪುಟ್ಟ ಬಾಗಿಲು. ಮಿಸ್ತ್ರಿ ಅದನ್ನು ಬಿಚ್ಚಿ ತಂದು, "ವೈನೀರ, ಒಂದು ಪಾತೇಲಿ ಕೊಡ್ರಿ" ಎಂದ. ನನ್ನ ಚಹಾದ ಪಾತ್ರೆಯಲ್ಲಿ ನೀರಿಟ್ಟು, ಅದನ್ನು ಮುಳುಗಿಸಿ, ಗ್ಯಾಸ್ ಹಚ್ಚಿದ. ಮೂವರೂ ಬಗ್ಗಿ ನೋಡುತ್ತಾ ನಿಂತೆವು. ನೀರು ಕಾಯುತ್ತಿದ್ದಂತೆ ಬಾಗಿಲು ಮೆಲ್ಲಗೆ ತೆರೆಯಿತು. ಅದರಲ್ಲೂ ದೋಷವಿಲ್ಲ. ಆದರೆ ಪಾತ್ರೆಯ ನೀರು ತೆಳು ಸಾರಿನಂತೆ ಹಳದಿಯಾಗಿತ್ತು, ಮೂಗಿಗೆ ಬಡಿದ ವಾಸನೆ ತುಕ್ಕಿನದಲ್ಲ. ಆಗ ನನಗೆ ಗೊತ್ತಾಯಿತು, ಕಾರನ್ನು ಕಾಯಿಸುತ್ತಿದ್ದುದು ನನ್ನ ಮದ್ದೇ.

ಮಿಸ್ತ್ರಿ ಮೂಗೆಳೆದು, "ವೈನೀರ, ಏನರ ಒಗ್ಗರಣಿ ಕೊಟ್ಟಿದ್ರೇನು?" ಎಂದ.

"ಹೌದ್ರಿ, ಈಗ ಬ್ಯಾಳಿ ಮಾಡಿ ಇಳಿಸೇನಿ," ಎಂದೆ. ಅಂದು ಬೇಳೆ ಇಟ್ಟಿರಲಿಲ್ಲ. ಸುಳ್ಳನ್ನು ಉಳಿಸಿಕೊಳ್ಳಲು ಅವರು ಹೋದ ಮೇಲೆ ಇಟ್ಟೆ.

ಮಿಸ್ತ್ರಿ ಇನ್ನೊಂದು ವಾರ ಒದ್ದಾಡಿ, ಕೊನೆಗೆ ಕೈಚೆಲ್ಲಿದ. "ಎಂಜಿನ್ನಿನ ಒಳಗ ಎಲ್ಲೋ ಸೀಳಿರಬೇಕ್ರಿ, ಸಾಹೇಬ್ರ. ತೆರದ್ರ ಮತ್ತ ಮುಚ್ಚಾಕ ಸಾಮಾನ ಇಲ್ಲೆಲ್ಲೂ ಸಿಗೂದಿಲ್ಲ."

ಇವರು ಬಾನೆಟ್ ಮುಚ್ಚಿ, "ಆತು ಬಿಡು," ಎಂದರು. ಹೆದ್ದಾರಿಯಲ್ಲಿ ಢಾಬಾ ಇಟ್ಟಿದ್ದ ಒಬ್ಬನಿಗೆ ಕಾರು ಕೊಡುವುದೆಂದು ಮಾತಾಯಿತು. ಎಂಜಿನ್ ಕಿತ್ತುಹಾಕಿ, ಗಿರಾಕಿಗಳು ಕೂತು ಫೋಟೋ ತೆಗೆಸಿಕೊಳ್ಳಲಿ ಎಂದು ಆತ ಅದನ್ನು ಢಾಬಾದ ಎದುರು ನಿಲ್ಲಿಸುವವನಿದ್ದ. ಭಾನುವಾರ ಬಂದು ಒಯ್ಯುತ್ತೇನೆ ಎಂದ.

ಹೇಳಬೇಕು ಎಂದು ನನಗೆ ಗೊತ್ತಿತ್ತು. ಹೇಳಿದರೆ ಕಾರು ಉಳಿಯಬಹುದಿತ್ತು. ಆದರೆ ಇಡೀ ಬಳಗದಲ್ಲಿ ಅರಿಶಿಣದ ಮಹಿಮೆ ಸಾರಿ ಬಂದವಳು ಯಾವ ಬಾಯಲ್ಲಿ ಹೇಳಲಿ? ಅಂಗಳ ಖಾಲಿಯಾಗುತ್ತದೆ, ಹಪ್ಪಳಕ್ಕೆ ಜಾಗವಾಗುತ್ತದೆ ಎಂದು ಮನಸ್ಸಿಗೆ ಲಂಚ ಕೊಟ್ಟುಕೊಂಡು ಐದು ದಿನ ತಳ್ಳಿದೆ.

ಶನಿವಾರ ಸಂಜೆ ಇವರು ಕಾರನ್ನು ತೊಳೆದು ಒರೆಸಿದರು. ಒರೆಸಿದ ಮೇಲೆ ಒಳಗೆ ಹೋಗಿ ಕೂತರು, ಎಡಕ್ಕಲ್ಲ, ಬಲಕ್ಕೆ, ನನ್ನ ಜಾಗದಲ್ಲಿ. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಸ್ವಲ್ಪ ಹೊತ್ತು ಎದುರಿನ ಕಾಂಪೌಂಡು ಗೋಡೆಯನ್ನೇ ನೋಡಿ, ನಾನು ಚಾಚುವ ಹಾಗೆಯೇ ಬಲಗೈ ಹೊರಗೆ ಚಾಚಿದರು. ಆಮೇಲೆ ಮನೆಯೊಳಗೆ ಬಂದು, ಬಿಸಿಲಿಗೆ ಕಪ್ಪಿಟ್ಟ ನನ್ನ ತೋಳು ನೋಡಿ ಅಂದರು, "ನಿನ್ನ ಕೈಗೆ ಇನ್ನ ಆರಾಮ ಆತು ನೋಡು. ಬಿಸಲಾಗ ಸುಡೂದಿಲ್ಲ."



ಭಾನುವಾರ ಬೆಳಿಗ್ಗೆ ಢಾಬಾದವನು ಬಂದ. ಒಪ್ಪಿಸಿಕೊಡಲು ಮಿಸ್ತ್ರಿಯೂ ಬಂದಿದ್ದ. ನಾನು ತಟ್ಟೆಯಲ್ಲಿ ಮೂರು ಕಪ್ಪು ಚಹಾ ಇಟ್ಟು, ಪಕ್ಕದಲ್ಲಿ ಅರಿಶಿಣದ ಡಬ್ಬಿ ಇಟ್ಟು, ಒಯ್ದು ಬಾನೆಟ್ಟಿನ ಮೇಲಿಟ್ಟೆ.

"ಇದ್ಯಾಕ?" ಎಂದರು ಇವರು. "ಚಾದಾಗ ಅರಿಶಿಣ ಹಾಕ್ತೀಯೇನು?"

"ಚಾದಾಗಲ್ರಿ. ಇದರಾಗ." ಗದ್ದದಿಂದ ಕಾರು ತೋರಿಸಿದೆ.

"ಯಾವಾಗ?"

"ಘಾಟಿನಿಂದ ಬಂದಾಗಿಂದ. ಐತವಾರಕ್ಕೊಮ್ಮೆ. ಒಂದ ಚಮಚ."

ಮಿಸ್ತ್ರಿ ಕಪ್ಪನ್ನು ಕೆಳಗಿಟ್ಟ. "ಕಾಯಾಕ ಹತ್ತಿದ ಮ್ಯಾಲೆ ಬಿಟ್ರಿಲ್ಲೋ, ವೈನೀರ?"

"ಕಾಯಾಕ ಹತ್ತಿದ ಮ್ಯಾಲೆ ಎರಡು."

ಆತ ತಟ್ಟೆ ಸರಿಸಿ, ಬಾನೆಟ್ ಎತ್ತಿ, ಎಂಜಿನ್ ಶುರು ಮಾಡಿದ. ಅದು ಬಿಸಿಯಾಗಲು ಬಿಟ್ಟು, ಆರಿಸಿ, ಮುಂದಿನಿಂದ ರೇಡಿಯೇಟರಿನ ಮೈಮೇಲೆ ಅಂಗೈ ಇಟ್ಟು ಮೇಲಿನಿಂದ ಕೆಳಗೆ ಸರಿಸುತ್ತಾ ಬಂದ, ಮಗುವಿನ ಜ್ವರ ನೋಡುವ ಹಾಗೆ. "ಸಾಹೇಬ್ರ, ಮ್ಯಾಲೆ ಕೆಂಡ, ಕೆಳಗ ತಣ್ಣಗದ. ಒಳಗಿನ ನಳಗಿ ಕಟ್ಟ್ಯಾವ, ನೀರು ಇಳಿಯವಲ್ದು. ನಲ್ಲಿ ನೀರು ಜೋರ ಬಂದದ್ದು ನೋಡಿ ನಾ ಮೋಸ ಹೋದೆ."

ಇವರೂ ಕೈ ಇಟ್ಟು ನೋಡಿದರು. ಆಮೇಲೆ ನನ್ನ ಮಣಿಕಟ್ಟು ಹಿಡಿದು ಎಳೆದು, ನನ್ನ ಅಂಗೈಯನ್ನೂ ಆ ತಣ್ಣಗಿನ ಜಾಗಕ್ಕೆ ಒತ್ತಿದರು. "ನೋಡು, ನಿನ್ನ ಕೆಲಸ." ಹೊರಗಿನವರೆದುರು ಅವರು ನನ್ನ ಕೈ ಹಿಡಿದದ್ದು ಅದೇ ಮೊದಲು. ಅದೂ ಕಳ್ಳಿಯನ್ನು ಹಿಡಿದ ಹಾಗೆ.

ರೇಡಿಯೇಟರನ್ನು ಬಿಚ್ಚಿ ಅಂಗಳದಲ್ಲಿ ತಲೆಕೆಳಗಾಗಿ ನಿಲ್ಲಿಸಿ ಪೈಪಿನಿಂದ ನೀರು ಬಿಟ್ಟರು. ಮೊದಲು ಏನೂ ಬರಲಿಲ್ಲ. ಆಮೇಲೆ ಗಟ್ಟಿ ಹಳದಿ ಮುದ್ದೆ ಬುಳುಬುಳು ಎಂದು ಇಳಿಯಿತು.

"ವೈನೀರ, ಭಕ್ಕರಿ ತರ್ರಿ," ಎಂದ ಮಿಸ್ತ್ರಿ. "ಝುಣಕ ಆಗ್ಯದ!" ರೊಟ್ಟಿಯ ಜೊತೆ ತಿನ್ನುವ ಕಡಲೆ ಹಿಟ್ಟಿನ ಝುಣಕದ್ದೂ ಅದೇ ಬಣ್ಣ, ಅದೇ ಮುದ್ದೆ.

ಢಾಬಾದವನು ಕೂಡ ನಕ್ಕು, ಚಹಾ ಕುಡಿದು, ಬರಿಗೈಯಲ್ಲಿ ಹೋದ. ಇವರು ಮಾತ್ರ ನಗಲಿಲ್ಲ. ರೇಡಿಯೇಟರ್ ರಿಪೇರಿಯವನು ತೆಳು ಸಲಾಕೆ ಹಾಕಿ ಒಂದೊಂದೇ ಕೊಳವೆ ಬಿಡಿಸಿ ಕೊಡುವವರೆಗೆ, ನಾಲ್ಕು ದಿನ, ನನ್ನೊಡನೆ ಮಾತು ಬಿಟ್ಟರು. ಆದರೆ ನಾದಿನಿ ಬಂದು ಗಾಡಿಗೆ ಏನಾಗಿತ್ತೆಂದು ಕೇಳಿದಾಗ, ನನ್ನ ಕಡೆ ನೋಡದೆ, "ನೀರು ಸರಿ ಇರಲಿಲ್ಲ," ಎಂದರು.

ಮುಂದಿನ ಭಾನುವಾರ ಕಾತ್ರಜ ಘಾಟಿಗೆ ಹೊರಟೆವು, ಅದೇ ಉದ್ದನೆಯ ಸೀಟಿನ ಮೇಲೆ. ಅವರ ಕಣ್ಣು ಮುಳ್ಳಿನ ಮೇಲೆ, ನನ್ನದೂ ಮುಳ್ಳಿನ ಮೇಲೆ. ಅರ್ಧ ಘಾಟು ಏರಿದರೂ ಅದು ನಡುವೆಯೇ ನಿಂತಿತ್ತು. ನಾಲ್ಕನೆಯ ತಿರುವಿನಲ್ಲಿ ಅವರು ಬಾಯಿ ಬಿಟ್ಟರು.

"ಖರೇ ಹೇಳು. ಒಂದು ಚಮಚಾಕ ಅಷ್ಟ ಝುಣಕ ಆಗೂದಿಲ್ಲ. ಯಾವ ಚಮಚ?"

"ಮನ್ಯಾಗಿಂದ."

"ಚಾ ಚಮಚ?"

"ಅಲ್ರಿ."

"ಮತ್ತ?"

"ಸಾರು ಬಡಸೂದು."

ಅವರ ಹೊಟ್ಟೆ ಕುಲುಕತೊಡಗಿತು, ಸ್ಟೀರಿಂಗೂ ಸ್ವಲ್ಪ ಕುಲುಕಿತು. ಕಣ್ಣೊರೆಸಿಕೊಂಡರು. ಮುಂದೆ ಕಬ್ಬಿನ ಟ್ರಕ್ಕೊಂದು ಹೊಗೆ ಬಿಡುತ್ತಾ ತೆವಳುತ್ತಿತ್ತು.

"ನಗಬ್ಯಾಡ. ಮುಂದ ನೋಡಿ ಹೇಳು," ಎಂದರು. ನಗುತ್ತಿದ್ದವರು ಅವರು.

ನಾನು ಇಣುಕಿದೆ. ಒಂದು ಕೆಂಪು ಬಸ್ಸು ಇಳಿದು ಬರುತ್ತಿತ್ತು. "ತಡೀರಿ," ಎಂದೆ. ಬಸ್ಸು ದಾಟಿ ಹೋಯಿತು. ಬಲಗೈ ಹೊರಗೆ ಚಾಚಿದೆ.

"ಹೋಗ್ರಿ, ಖಾಲಿ ಅದ."