ಸಡಿಲ ಬಿಟ್ಟ ಬೋಲ್ಟು

ಬೆಳಗಿನಿಂದ ಅಂಡು ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದೇನೆ. ಮಿರ್ಲೆಯಿಂದ ಒಂದು ಫೋನ್ ಬರಬೇಕು. ಕೈಗಾದರೂ ಕೆಲಸವಿರಲೆಂದು ಮೇಜು ಒರೆಸಲು ಹೋಗಿ ಒಂದು ಫೆರೈಟ್ ಕೋರನ್ನು ಬೀಳಿಸಿದೆ. ಮಡಕೆಯ ಹಾಗೆ ಎರಡು ಹೋಳಾಯಿತು. ಹೊಟ್ಟೆ ಉರಿಯಬೇಕಿತ್ತು, ಯಾಕೋ ಸಮಾಧಾನವೇ ಆಯಿತು.

ಹುಣಸೂರಿನಲ್ಲಿ ನನ್ನದು ಇನ್ವರ್ಟರ್ ಮಾಡುವ ಸಣ್ಣ ವರ್ಕ್‌ಶಾಪ್. ತಂತಿ ಸುತ್ತಲು ಒಳಗೊಂದು ಕೋರು ಬೇಕು. ತಗಡಿನ ಪದರ ಜೋಡಿಸಿದ ಕಬ್ಬಿಣದ ಕೋರು ಗಟ್ಟಿಮುಟ್ಟು, ಆದರೆ ಭಾರ. ಬಿಸಿಯಾಗುತ್ತದೆ, ಚಾರ್ಜ್ ಆಗುವಾಗ ಮೆಲ್ಲಗೆ ಗುಂಯ್ ಎನ್ನುತ್ತದೆ. ಫೆರೈಟ್ ಎಂದರೆ ಕಪ್ಪು ಪಿಂಗಾಣಿಯಂಥದ್ದು. ಹಗುರ, ತಣ್ಣಗಿರುತ್ತದೆ, ಸದ್ದಿಲ್ಲ. ಆರಿಸುವುದರಲ್ಲಿ ನಾನು ಸೀರೆ ಅಂಗಡಿಯ ಗಿರಾಕಿಗಿಂತ ಕಡೆ. ಮನೆಗೆ ತಂದ ಮೇಲೂ ಇನ್ನೊಂದೇ ಚೆನ್ನಾಗಿತ್ತೇನೋ ಎನ್ನುವವಳು. ಮಿರ್ಲೆಯ ದೊಡ್ಡಪ್ಪನ ಮನೆಗೆ ಹೊಸ ಇನ್ವರ್ಟರ್ ಮಾಡುವಾಗ ಮಾತ್ರ ಅನುಮಾನವೇ ಬರಲಿಲ್ಲ. ಫೆರೈಟೇ!

ದೊಡ್ಡಪ್ಪನಿಗೆ ಕಣ್ಣು ಹೋಗಿ ಬಹಳ ವರ್ಷವಾಯಿತು. ಗದ್ದೆ ಕೆಲಸ ಬಿಟ್ಟ ಮೇಲೆ ಪಡಸಾಲೆಯಲ್ಲಿ ಇನ್ವರ್ಟರಿನ ಪಕ್ಕವೇ ಅವರ ಜಾಗ. ಕರೆಂಟ್ ಹೋದರೂ ದೀಪ, ಫ್ಯಾನು ನಡೆಯುತ್ತಿರುವುದರಿಂದ ಅದು ತಿರುಗಿ ಬಂದದ್ದು ಒಳಗಿದ್ದವರಿಗೆ ತಿಳಿಯದು. ಹಳೆಯ ಕಬ್ಬಿಣದ ಕೋರಿನದು ಪಕ್ಕದಲ್ಲಿದ್ದವರಿಗಷ್ಟೇ ಕೇಳುವಂತೆ ಗುಂಯ್ ಎಂದ ಕೂಡಲೇ ದೊಡ್ಡಪ್ಪ ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದರು: "ಕರೆಂಟ್ ಬಂತು ಕಣ್ರವ್ವೋ!" ದೊಡ್ಡಮ್ಮ ಸಂಪಿನ ಮೋಟರ್ ಹಾಕುವರು. ಎದುರು ಮನೆಯವರು ರಾಗಿ ಎತ್ತಿಕೊಂಡು ಮಿಲ್ಲಿಗೆ ಹೊರಡುವರು. ದೊಡ್ಡಪ್ಪನಿಗೆ ಉಳಿದಿದ್ದ ಕೆಲಸ ಆ ಕೂಗೊಂದೇ.

ಹೊಸದನ್ನು ಹಾಕಿದ ದಿನ ನಾನು ಹೊಗಳಿಕೆಗೆ ಕಾದು ಕೂತಿದ್ದೆ. ಕರೆಂಟ್ ಬಂತು. ದೊಡ್ಡಪ್ಪನಿಗೆ ಗೊತ್ತೇ ಆಗಲಿಲ್ಲ. ಬಾಗಿಲಲ್ಲಿ ಮಲಗಿದ್ದ ನಾಯಿ ಕಿವಿ ನಿಗುರಿಸಿ ಎದ್ದು ಅಂಗಳಕ್ಕೆ ಓಡಿತು. ನಮ್ಮ ಕಿವಿಗೆ ಸಿಗದ ಫೆರೈಟಿನ ಕೀರಲು ನಾಯಿಗೆ ಕೇಳುತ್ತದೆ. ಸಂಜೆಯೊಳಗೆ ದೊಡ್ಡಮ್ಮ ಗುಟ್ಟು ಹಿಡಿದರು.

"ನಾಯಿ ಎದ್ದೋಯ್ತು, ಕರೆಂಟ್ ಬಂದದೆ," ಎಂದು ಮೋಟರ್ ಹಾಕಿದರು.

ದೊಡ್ಡಪ್ಪ ನಕ್ಕರು. ನಗುತ್ತಲೇ, "ನನ್ ಕೆಲ್ಸವ ನಾಯಿಗೆ ಕೊಟ್ಬುಟ್ಟಲ್ಲವ್ವ" ಎಂದರು.

"ಒಂದು ಬಜರ್ ಇಟ್ಟುಕೊಡ್ತೀನಿ ದೊಡ್ಡಪ್ಪ."

"ಅದು ಎಲ್ರಿಗೂ ಕೇಳ್ತದೆ ಬುಡು."

ಅಂದಿನಿಂದ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಮತ್ತೊಂದು ಇನ್ವರ್ಟರ್ ಮಾಡಿದೆ, ಕಬ್ಬಿಣದ ಕೋರಿನದು. ತಗಡು ಅದುರದಂತೆ ಮೂಲೆಯ ಬೋಲ್ಟುಗಳನ್ನು ಬಿಗಿಯುವುದು ನಮ್ಮ ಪದ್ಧತಿ. ಒಂದನ್ನು ಬೇಕೆಂದೇ ಕೊಂಚ ಸಡಿಲ ಬಿಟ್ಟೆ. ಗಿರಾಕಿಯ ಮಾಲಾಗಿದ್ದರೆ ವಾಪಸ್ ಬರುತ್ತಿತ್ತು. ನಿನ್ನೆ ಮಿರ್ಲೆಯಲ್ಲಿ ಹಾಕಿ ಬಂದೆ. ಆಗ ಕರೆಂಟ್ ಇರಲಿಲ್ಲ, ಬಸ್ಸಿಗೆ ಹೊತ್ತಾಗಿತ್ತು. ಗುಂಯ್ ಎನ್ನುತ್ತದೆ, ಅದರಲ್ಲಿ ಅನುಮಾನವಿಲ್ಲ. ದೊಡ್ಡಪ್ಪ ಮತ್ತೆ ಕೂಗುತ್ತಾರೋ ಇಲ್ಲವೋ ಎನ್ನುವುದೇ ನನ್ನ ಸಂಕಟ.

ಇಗೋ, ಫೋನ್. ದೊಡ್ಡಮ್ಮ.

"ಇದೇನವ್ವ, ದುಡ್ಡು ಸುರ್ದು ಹಳೇ ಪೆಟ್ಗೆನೇ ತಂದ್ ಮಡಗಿದ್ದೀಯಾ? ಪಕ್ಕದಲ್ ನಿಂತ್ರೆ ಗುಂಯ್..."

ಮುಂದಿನದು ನನಗೆ ಕೇಳಲಿಲ್ಲ. ಹಿಂದಿನಿಂದ ಆ ಗಂಟಲು, ಬೀದಿಗೆಲ್ಲ ಕೇಳುವ ಹಾಗೆ:

"ಕರೆಂಟ್ ಬಂತು ಕಣ್ರವ್ವೋ!"

"ಮೋಟರ್ ಹಾಕ್ಕೊಳ್ಳಿ ದೊಡ್ಡಮ್ಮ," ಎಂದೆ. ಬೆಳಗಿನಿಂದ ಮೊದಲ ಸಲ ಕುರ್ಚಿಯಲ್ಲಿ ಕೂತೆ.