ಕಸುಬು ಬದಲಿಸಿದ ಕತ್ತಿಯವನು

ಆ ಕಂಪ್ಯೂಟರ್ ಆಟದಲ್ಲಿ ಮನುಷ್ಯ ಎಂದು ಆರಿಸಿದ ಕೂಡಲೇ ಪರದೆಯ ಮೇಲಿನ ಕಸುಬುಗಳ ಪಟ್ಟಿಯಲ್ಲಿ ಅರ್ಧ ಸಾಲುಗಳು ಮಸುಕಾಗಿಬಿಡುತ್ತಿದ್ದವು. ಚೂಪುಕಿವಿಯವರನ್ನು ಆರಿಸಿದರೆ ಹಾಗಾಗುತ್ತಿರಲಿಲ್ಲ. ಅವರು ಕತ್ತಿಯವರಾಗಬಹುದಿತ್ತು, ಮಂತ್ರವಾದಿಗಳಾಗಬಹುದಿತ್ತು, ಬೇಕೆಂದರೆ ಎರಡೂ ಒಟ್ಟಿಗೇ ಆಗಬಹುದಿತ್ತು. ಗಡ್ಡದ ಕುಳ್ಳರಿಗೂ ಆ ಭಾಗ್ಯವಿತ್ತು. ಮನುಷ್ಯರಿಗೆ ಮಾತ್ರ ಒಂದೇ ಕಸುಬು. ಮಸುಕಾದ ಸಾಲುಗಳ ಮೇಲೆ ನಾನು ಹತ್ತಾರು ಸಲ ಮೌಸ್ ಒತ್ತಿ ನೋಡಿದ್ದೇನೆ. ಒತ್ತುತ್ತಾ ಹೋದರೆ ಯಾವತ್ತಾದರೂ ಒಂದು ದಿನ ಒಪ್ಪೀತು ಎಂದು ನಂಬುವ ವಯಸ್ಸು ಅದು. ನನಗೆ ಆಗ ಹದಿಮೂರು.

ಕಂಪ್ಯೂಟರ್ ಚಿಕ್ಕಪ್ಪನದು. ಇಸವಿ ಎರಡು ಸಾವಿರ ಆಗಷ್ಟೇ ದಾಟಿತ್ತು. ಹೊಳೆನರಸೀಪುರದ ನಮ್ಮ ಬೀದಿಯಲ್ಲಿ ಇನ್ಯಾರ ಮನೆಯಲ್ಲೂ ಅಂಥದ್ದಿರಲಿಲ್ಲ. ಹಾಸನದಲ್ಲಿ ಯಾರೋ ಬೇಡವೆಂದ ಹಳೆಯದನ್ನು ಚಿಕ್ಕಪ್ಪ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ. ಅದರ ಜೊತೆ ಬಂದ ಒಂದು ಸಿ.ಡಿ.ಯ ಮೇಲೆ ಮಾರ್ಕರ್ ಪೆನ್ನಿನಲ್ಲಿ ‘ಗೇಮ್’ ಎಂದಷ್ಟೇ ಬರೆದಿತ್ತು. ಆಡುವುದು ಹೇಗೆಂದು ತಿಳಿಸುವ ಪುಸ್ತಕ ಇರಲಿಲ್ಲ, ಕೇಳೋಣವೆಂದರೆ ಆಡಿದವರು ಊರಲ್ಲೇ ಇರಲಿಲ್ಲ. ಹಾಗಾಗಿ ಆ ಆಟದ ನಿಯಮಗಳನ್ನೆಲ್ಲ ನಾವಿಬ್ಬರೂ ಏಟು ತಿಂದೇ ಕಲಿತೆವು. ಆರು ಜನರ ಒಂದು ತಂಡ ಕಟ್ಟಬೇಕು, ಅವರನ್ನು ಕಾಡುಮೇಡು ಅಲೆಸಬೇಕು, ತೋಳಗಳನ್ನೂ ಭೂತಗಳನ್ನೂ ಗೆಲ್ಲಬೇಕು. ಗೆದ್ದಂತೆಲ್ಲ ಅನುಭವದ ಅಂಕ ಸಿಗುತ್ತದೆ, ಅಂಕ ಕೂಡಿದರೆ ಲೆವೆಲ್ ಏರುತ್ತದೆ. ಇಷ್ಟು ಅರ್ಥವಾಗುವುದಕ್ಕೇ ನಮಗೆ ಒಂದು ತಿಂಗಳು ಹಿಡಿಯಿತು.

ಚಿಕ್ಕಪ್ಪನಿಗೇ ಎರಡು ಕಸುಬಿದ್ದವು. ಊರಿನ ದೇವಸ್ಥಾನದ ಪೂಜೆ ಒಂದು ತಿಂಗಳು ನಮ್ಮ ಮನೆಯ ಸರದಿ, ಒಂದು ತಿಂಗಳು ದಾಯಾದಿಗಳದು. ತಾತನಿಗೆ ಮಂಡಿನೋವು, ಅಪ್ಪ ಅರಕಲಗೂಡಿನಲ್ಲಿ ಸರ್ಕಾರಿ ನೌಕರ. ಮಂತ್ರ ಕಲಿತು ಗರ್ಭಗುಡಿಗೆ ಹೋಗುವವನು ಮನೆಯಲ್ಲಿ ಚಿಕ್ಕಪ್ಪ ಒಬ್ಬನೇ. ಅದರ ಜೊತೆಗೆ ಅವನು ಹಾಸನದ ಒಂದು ಖಾಸಗಿ ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುತ್ತಿದ್ದ. ಸರದಿಯಿಲ್ಲದ ತಿಂಗಳು ಬೆಳಗಿನ ಬಸ್ಸು ಹಿಡಿಯುತ್ತಿದ್ದ. ಸರದಿಯ ತಿಂಗಳಲ್ಲಿ ಅಭಿಷೇಕ, ಅಲಂಕಾರ, ನೈವೇದ್ಯ ಮುಗಿಸಿ ಓಡುವಷ್ಟರಲ್ಲಿ ಮೊದಲ ಎರಡು ಪೀರಿಯಡ್ ಮುಗಿದಿರುತ್ತಿದ್ದವು. ಎರಡು ದೋಣಿಯಲ್ಲಿ ಕಾಲಿಟ್ಟವನು ಎಂದು ಮನೆಯವರೆಲ್ಲ ಅವನನ್ನು ರೇಗಿಸುತ್ತಿದ್ದರು. ಅವನು ನಗುತ್ತಿದ್ದ. ಯಾವುದಕ್ಕೂ ಹೂಂ ಅನ್ನದೆ, ಉಹೂಂ ಅನ್ನದೆ ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವನನ್ನು ಮೀರಿಸಿದವರಿಲ್ಲ.

ಸರದಿಯ ತಿಂಗಳ ಭಾನುವಾರಗಳು ನನಗೆ ಹಬ್ಬ. ಚಿಕ್ಕಪ್ಪ ಮಡಿಯಲ್ಲಿರುತ್ತಿದ್ದ, ಅಂದರೆ ನನ್ನನ್ನಾಗಲಿ ಕಂಪ್ಯೂಟರನ್ನಾಗಲಿ ಮುಟ್ಟುವಂತಿಲ್ಲ. ಒಲೆಯ ಮೇಲೆ ನೈವೇದ್ಯದ ಅನ್ನ ಬೇಯುವಷ್ಟು ಹೊತ್ತು ಅಡುಗೆಮನೆಯ ಬಾಗಿಲಲ್ಲಿ ಒದ್ದೆ ಪಂಚೆಯಲ್ಲಿ ನಿಂತು, ನಡುಮನೆಯಲ್ಲಿ ಕೂತ ನನಗೆ ಹೇಳುತ್ತಾ ಆಡಿಸುತ್ತಿದ್ದ.

“ಬಲಕ್ಕೆ ಹೋಗೇ, ಬಲಕ್ಕೆ! ತೋಳ ಬಂತು ನೋಡು. ಕತ್ತಿಯವನನ್ನ ಮುಂದೆ ಬಿಡು.”

“ಚಿಕ್ಕಪ್ಪ, ಅನ್ನ ಸೀಯ್ತಿದೆ,” ಎಂದು ನಾನು ನೆನಪಿಸಬೇಕಾಗುತ್ತಿತ್ತು.

ತಂಡದಲ್ಲಿ ಒಬ್ಬ ಅರ್ಚಕನೂ ಇದ್ದ. ಗಾಯ ವಾಸಿಮಾಡುವುದು ಅವನ ಕೆಲಸ. ಅವನಿಗೆ ಕತ್ತಿ ನಿಷಿದ್ಧ, ಕೈಯಲ್ಲಿ ಯಾವಾಗಲೂ ಒಂದು ಗದೆ. ತಾತ ಒಮ್ಮೆ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. “ಅರ್ಚಕನ ಕೈಲಿ ಗದೆ ಯಾಕಮ್ಮ? ದಾಯಾದಿಗಳಿಗಾ?” ಅಂದರು. ಚಿಕ್ಕಪ್ಪ ಬಿದ್ದು ಬಿದ್ದು ನಕ್ಕ.

ನನಗೂ ಚಿಕ್ಕಪ್ಪನಿಗೂ ಇದ್ದ ದೊಡ್ಡ ಜಗಳವೆಂದರೆ ಒಂದು ಕಸುಬೋ ಜೋಡಿ ಕಸುಬೋ ಎಂಬುದು. ನಾನು ದುರಾಸೆಯವಳು. ನನ್ನ ಆರೂ ಜನ ಚೂಪುಕಿವಿಯವರು, ಆರೂ ಜನ ಜೋಡಿ ಕಸುಬಿನವರು. ಕತ್ತಿಯೂ ಬೇಕು, ಮಂತ್ರವೂ ಬೇಕು, ಬೀಗ ಮುರಿಯುವುದೂ ಬರಬೇಕು. ಆದರೆ ಜೋಡಿ ಕಸುಬಿನವರಿಗೆ ಸಿಕ್ಕ ಅಂಕ ಎರಡು ಪಾಲಾಗುತ್ತಿತ್ತು, ಅರ್ಧ ಕತ್ತಿಗೆ, ಅರ್ಧ ಮಂತ್ರಕ್ಕೆ. ಚಿಕ್ಕಪ್ಪನ ಕತ್ತಿಯವನು ಐದನೇ ಲೆವೆಲ್ಲಿನಲ್ಲಿ ಭೂತದ ತಲೆ ಹಾರಿಸುವಾಗ ನನ್ನವರು ಇನ್ನೂ ಇಲಿ ಹೊಡೆಯುತ್ತಿದ್ದರು. ಎರಡು ಕಸುಬು ಮಾಡುವವನು ಆಟದಲ್ಲೂ ಅದನ್ನೇ ಆರಿಸುತ್ತಾನೆ ಎಂದು ನಾನು ಅಂದುಕೊಂಡಿದ್ದೆ. ಅವನು ಆರಿಸುತ್ತಿದ್ದದ್ದು ಪ್ರತಿ ಸಲವೂ ಮನುಷ್ಯರನ್ನು, ಒಂದೇ ಕಸುಬಿನವರನ್ನು. ಯಾಕೆ ಎಂದು ಪೀಡಿಸಿ ಕೇಳಿದೆ.

“ಒಂದನ್ನಾದ್ರೂ ಪೂರ್ತಿ ಮಾಡೋದು ಹೇಗಿರುತ್ತೆ ಅಂತ ನೋಡ್ಬೇಕು ಕಣೇ,” ಅಂದ.

ಆ ವರ್ಷದ ಬೇಸಿಗೆಗೆ ಮೊದಲು ಶಾಲೆಯವರು ಚಿಕ್ಕಪ್ಪನನ್ನು ಕರೆದು ಹೇಳಿದರು. ಜೂನ್‌ನಿಂದ ಪೂರ್ಣಾವಧಿ ಕೆಲಸ ಕೊಡುತ್ತೇವೆ, ಆದರೆ ಬೆಳಗಿನ ಪ್ರಾರ್ಥನೆಗೆ ಮೊದಲೇ ಹಾಜರಿರಬೇಕು, ವರ್ಷಪೂರ್ತಿ. ಆಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ. ಅತ್ತ ದರಿ, ಇತ್ತ ಪುಲಿ. ನಮ್ಮ ತಿಂಗಳುಗಳನ್ನೂ ತಾವೇ ನೋಡಿಕೊಳ್ಳಲು ದಾಯಾದಿ ಮನೆಯ ದೊಡ್ಡಪ್ಪ ತಯಾರಿದ್ದರು. ಒಳ್ಳೆಯವರು ಅವರು, ಕಿತ್ತುಕೊಳ್ಳುವ ಆಸೆಯಿರಲಿಲ್ಲ. ತಾತ ನಿನ್ನಿಷ್ಟ ಎಂದಷ್ಟೇ ಅಂದು ಆಮೇಲೆ ಎರಡು ದಿನ ಯಾರ ಜೊತೆಯೂ ಮಾತಾಡಲಿಲ್ಲ.

ಚಿಕ್ಕಪ್ಪನ ಭಯ ಏನೆಂದು ನನಗೊಬ್ಬಳಿಗೆ ಗೊತ್ತಿತ್ತು, ಯಾಕೆಂದರೆ ನಾನೊಬ್ಬಳೇ ಕೇಳಿದವಳು. “ಸರದಿ ಹೋದ್ರೆ ಹೋಯ್ತು,” ಅಂದ. “ಬಾಯಲ್ಲಿರೋದು ಹೋಗುತ್ತಲ್ಲೇ. ಏಳು ವರ್ಷದವನಿದ್ದಾಗಿಂದ ಕಲಿತದ್ದು. ಹೇಳದೇ ಬಿಟ್ರೆ ಒಂದೊಂದೇ ಸಾಲು ಉದುರಿಹೋಗುತ್ತೆ. ಆಮೇಲೆ ನಾನು ಯಾರು?”

ಆ ಸಾಲುಗಳನ್ನು ನಾನು ಕಲಿಯುತ್ತೇನೆ ಎಂದು ನಾನು ಹೇಳಲಿಲ್ಲ, ನೀನು ಕಲಿ ಎಂದು ಅವನೂ ಹೇಳಲಿಲ್ಲ. ಹೆಣ್ಣುಮಕ್ಕಳ ಪಟ್ಟಿಯಲ್ಲಿ ಆ ಸಾಲು ಹುಟ್ಟುವಾಗಲೇ ಮಸುಕು. ಆಗ ನನಗೆ ಸಿಟ್ಟು ಬಂದಿರಲಿಲ್ಲ. ಈಗ ಬರುತ್ತದೆ.

ಆ ವಾರವೇ ಚಿಕ್ಕಪ್ಪ ಆಟದಲ್ಲಿ ಒಂದು ಗುಂಡಿ ಕಂಡುಹಿಡಿದ. ಅದು ಮನುಷ್ಯರಿಗೆ ಮಾತ್ರ ಇದ್ದದ್ದು. ಕಸುಬು ಬದಲಿಸುವ ಗುಂಡಿ. ಒತ್ತಬೇಡ ಎಂದು ನಾನು ಹೇಳುವಷ್ಟರಲ್ಲಿ ಒತ್ತಿದ್ದ. ಅವನ ಏಳನೇ ಲೆವೆಲ್ಲಿನ ಕತ್ತಿಯವನು ಕಣ್ಣೆದುರೇ ಒಂದನೇ ಲೆವೆಲ್ಲಿನ ಮಂತ್ರವಾದಿಯಾಗಿಬಿಟ್ಟ. ಕೈಯಲ್ಲಿ ಕತ್ತಿ ಹೋಗಿ ಒಂದು ಕೋಲು. ಬರುವ ಮಂತ್ರ ಒಂದೇ ಒಂದು. ಎದುರಾದ ಮೊದಲ ತೋಳಕ್ಕೇ ಕೋಲು ಬೀಸಿ ಬೀಸಿ ಸುಸ್ತಾಗಿ ಸತ್ತುಬಿದ್ದ.

“ನೋಡಿದ್ಯಾ? ಬಿಟ್ರೆ ಹೀಗೇ,” ಎಂದು ಚಿಕ್ಕಪ್ಪ ಎದ್ದುಹೋದ. ಆಮೇಲೆ ಆಟದ ಹತ್ತಿರ ಸುಳಿಯಲಿಲ್ಲ.

ನನಗೆ ಬೇಸಿಗೆ ರಜೆ. ಸತ್ತವನನ್ನು ಹಾಗೇ ಬಿಡಲು ಮನಸ್ಸಾಗಲಿಲ್ಲ. ಅಷ್ಟೇ ಅಲ್ಲ, ಆ ಏಳು ಲೆವೆಲ್ಲುಗಳ ಕತ್ತಿವಿದ್ಯೆ ಎಲ್ಲಿ ಹೋಯಿತು ಎಂಬ ಪ್ರಶ್ನೆ ತಲೆಗೆ ಹುಳುವಿನ ಹಾಗೆ ಹೊಕ್ಕಿತ್ತು. ತೋಳಕ್ಕೆ ಮೊದಲು ಸೇವ್ ಮಾಡಿದ್ದ ಆಟ ತೆರೆದೆ. ಅವನನ್ನು ಮಿಕ್ಕ ಐವರ ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಊರೂರು ಸುತ್ತಿದೆ. ಒಂದು ಸಲ, ಏನಾಗುತ್ತದೋ ನೋಡೋಣ ಎಂದು ಹಳೆಯ ಕತ್ತಿಯನ್ನು ಅವನ ಕೈಗೆ ಕೊಟ್ಟೆ. ಆಶ್ಚರ್ಯ, ಕೊಟ್ಟರೆ ಹಿಡಿದ, ಹೊಡೆದ, ಗೆದ್ದ. ಆದರೆ ಆ ಕಾಳಗದ ಅಂಕದಲ್ಲಿ ಅವನ ಪಾಲು ಸೊನ್ನೆ. ಮತ್ತೆ ಕೊಟ್ಟೆ, ಮತ್ತೆ ಸೊನ್ನೆ. ಕತ್ತಿ ಕಿತ್ತಿಟ್ಟು ಕೋಲು ಕೊಟ್ಟೆ. ಲೆವೆಲ್ ಎರಡು, ಮೂರು, ನಾಲ್ಕು. ಪರೀಕ್ಷೆಗೂ ನಾನು ಅಷ್ಟು ಓದಿದವಳಲ್ಲ. ಏಳಕ್ಕೆ ಬಂದಾಗ ಏನೂ ಆಗಲಿಲ್ಲ, ನಿರಾಸೆಯಾಯಿತು. ಎಂಟಕ್ಕೆ ಏರಿದ ಕ್ಷಣ ಅವನ ಹೆಸರಿನ ಮುಂದೆ ಹಳೆಯ ಕಸುಬೂ ಬಂದು ಕೂತಿತು. ಕತ್ತಿವಿದ್ಯೆ ಒಂದು ಚೂರೂ ಮುಕ್ಕಾಗದೆ ವಾಪಸ್ ಬಂದಿತ್ತು. ಒಂದು ಕೈಯಲ್ಲಿ ಕತ್ತಿ, ಬಾಯಲ್ಲಿ ಮಂತ್ರ.

ನಾನು ಕೂಗಿದ ಕೂಗಿಗೆ ಚಿಕ್ಕಪ್ಪ ಅಡುಗೆಮನೆಯ ಬಾಗಿಲಿಗೆ ಬಂದ. ನಮ್ಮ ಸರದಿಯ ತಿಂಗಳು, ಮಡಿಯಲ್ಲಿದ್ದ, ಕೈಯಲ್ಲಿ ಸೌಟು.

“ಹೋಗಿರ್ಲಿಲ್ಲ ಚಿಕ್ಕಪ್ಪ! ಒಳಗೇ ಇತ್ತು! ಹೊಸ ಕಸುಬು ಹಳೇದನ್ನ ಒಂದು ಲೆವೆಲ್ ದಾಟ್ಬೇಕು, ಅಷ್ಟೇ.”

“ಅಲ್ಲೀವರೆಗೆ?”

“ಅಲ್ಲೀವರೆಗೆ ಹಳೇದನ್ನ ಮುಟ್ಟಬಾರದು. ಮುಟ್ಟಿದ್ರೆ ಅನುಭವ ಸಿಗಲ್ಲ.”

“ಎಷ್ಟು ದಿನ ಬೇಕಾಯ್ತು?”

“ರಜೆ ಪೂರ್ತಿ.”

ಅವನು ಪರದೆಯನ್ನು ದೂರದಿಂದಲೇ ನೋಡಿದ, ಹೂಂ ಅಂದ, ಒಳಗೆ ಹೋದ. ಮುಂದಿನ ವಾರ ದೊಡ್ಡಪ್ಪನ ಮನೆಗೆ ಹೋಗಿ ನಮ್ಮ ತಿಂಗಳುಗಳನ್ನು ಅವರಿಗೆ ಒಪ್ಪಿಸಿ ಬಂದ. ಬೆಳೆದ ಗಂಡಸು ಒಂದು ಆಟ ನೋಡಿ ಇಂಥದ್ದನ್ನು ತೀರ್ಮಾನಿಸುತ್ತಾನೆಂದು ನನಗೆ ಅನ್ನಿಸಲಿಲ್ಲ. ಜೂನ್‌ನಲ್ಲಿ ಶಾಲೆ ಶುರುವಾಯಿತು, ನಾನು ಆ ಮಾತನ್ನು ಮರೆತೂಬಿಟ್ಟೆ.

ಮರೆಯದಿದ್ದದ್ದು ಇನ್ನೊಂದು. ಆಮೇಲೆ ಚಿಕ್ಕಪ್ಪ ದೇವಸ್ಥಾನಕ್ಕೆ ಬಂದರೆ ಭಕ್ತರ ಸಾಲಿನಲ್ಲಿ, ಅದೂ ಹಿಂದೆ, ಕೈಮುಗಿದು ನಿಲ್ಲುತ್ತಿದ್ದ. ವೈಕುಂಠ ಏಕಾದಶಿಯ ನೂಕುನುಗ್ಗಲಿನಲ್ಲಿ ದೊಡ್ಡಪ್ಪ “ಬಾರೋ, ಒಂದು ಕೈ ಹಿಡಿ” ಎಂದು ಕರೆದರೂ ಹೋಗಲಿಲ್ಲ. ದೊಡ್ಡಪ್ಪ ಒಮ್ಮೆ ಸುಸ್ತಿನಲ್ಲಿ ಒಂದು ಸಾಲು ಬಿಟ್ಟು ಮುಂದೆ ಹೋದಾಗ ಚಿಕ್ಕಪ್ಪನ ತುಟಿ ಬಿಗಿಯಾದದ್ದನ್ನು ನಾನು ನೋಡಿದೆ. ಆಗಲೂ ಬಾಯಿ ಬಿಡಲಿಲ್ಲ. ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಅರ್ಥ. ಅಮ್ಮ ಮೇಷ್ಟರಾದ ಪೊಗರು ಅಂದಳು. ತಾತ ನಾಚಿಕೆ ಇರಬೇಕು ಅಂದರು. ನನಗೆ ಯಾವುದೂ ಸರಿಹೊಂದಲಿಲ್ಲ, ಕೇಳಿದರೆ ಅವನು ನಕ್ಕು ಬೇರೆ ಮಾತು ತೆಗೆಯುತ್ತಿದ್ದ. ಶಾಲೆಯಲ್ಲಿ ಅವನಿಗೆ ಒಳ್ಳೆಯ ಹೆಸರಿತ್ತು. ಶಾಂತಿಗ್ರಾಮ, ಸಾಲಗಾಮೆಯ ಕಡೆಯಿಂದ ಬರುವ ಮಕ್ಕಳು ಬಸ್ ನಿಲ್ದಾಣದಲ್ಲಿ ಅವನನ್ನು ಕಂಡರೆ ಓಡಿಬಂದು ಚೀಲ ಹಿಡಿಯುತ್ತಿದ್ದರು.

ಹೀಗೆ ಆರು ವರ್ಷ ಕಳೆಯಿತು. ನಾನು ಹಾಸನದಲ್ಲಿ ಡಿಗ್ರಿ ಓದುತ್ತಿದ್ದೆ, ಆ ವಾರ ಮನೆಯಲ್ಲಿದ್ದೆ. ದೊಡ್ಡಪ್ಪ ಅರಕಲಗೂಡಿನಿಂದ ಬರುತ್ತಾ ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡರು. ಅವರ ಮನೆಯಲ್ಲಿ ಪೂಜೆ ಮಾಡುವ ಇನ್ನೊಬ್ಬ ಗಂಡಸಿರಲಿಲ್ಲ. ಮಾರನೆಯ ಬೆಳಿಗ್ಗೆ ಚಿಕ್ಕಪ್ಪ ಯಾರಿಗೂ ಹೇಳದೆ ತಣ್ಣೀರಲ್ಲಿ ಮಿಂದು, ಮಡಿಯುಟ್ಟು, ಕೊಡ ಹಿಡಿದು ಹೊರಟ. ತಾತ ಊರುಗೋಲು ಹುಡುಕಿಕೊಂಡು ಹಿಂದೆ ಹೊರಟರು, ತಾತನ ಹಿಂದೆ ನಾನು.

ದೇವಸ್ಥಾನದ ಮುಂದೆ ತೆಂಗಿನಕಾಯಿ ಮಾರುವ ಅಜ್ಜಿ ಕಣ್ಣರಳಿಸಿತು. “ಇದೇನ್ ಸಾಮಿ, ನೀವೇ ಬಂದ್ಬುಟ್ರಾ! ಇಸ್ಕೂಲ್ ಬುಟ್ಬುಟ್ರಾ ಎಂಗೆ?”

“ಬಿಟ್ಟಿಲ್ಲಮ್ಮ, ಅದೂ ಇದೆ,” ಎಂದ ಚಿಕ್ಕಪ್ಪ.

ಗರ್ಭಗುಡಿಯೊಳಗಿಂದ ಮೊದಲು ಏನೂ ಕೇಳಲಿಲ್ಲ. ಆಮೇಲೆ ಒಂದು ಸಾಲು ಶುರುವಾಗಿ ನಿಂತಿತು. ಮತ್ತೆ ಅದೇ ಸಾಲು, ಈ ಸಲ ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಎಡಗೈ ಗಂಟೆಯಾಡಿಸುತ್ತಿತ್ತು, ಬಲಗೈ ಆರತಿ ಎತ್ತುತ್ತಿತ್ತು. ತಾತ ಕಂಬಕ್ಕೊರಗಿ ಕೂತು ಒಂದೊಂದು ಅಕ್ಷರವನ್ನೂ ತುಟಿಯಲ್ಲೇ ಹಿಂಬಾಲಿಸುತ್ತಿದ್ದರು. ಒಂದು ಕಡೆಯೂ ಅವರು ತಲೆಯೆತ್ತಿ ತಪ್ಪು ಎನ್ನಲಿಲ್ಲ. ಕೊನೆಗೆ ಶಲ್ಯದ ತುದಿಯಿಂದ ಕಣ್ಣು ಒರೆಸಿಕೊಂಡರು.

ಮನೆಗೆ ಬರುವಾಗ ದಾರಿಯಲ್ಲಿ ನಾನು ಬಿಡದೆ ಕೇಳಿದೆ. “ಇಷ್ಟು ವರ್ಷ ದೊಡ್ಡಪ್ಪ ಅಷ್ಟು ಕರೆದ್ರೂ ಒಂದು ದಿನಾನೂ ಯಾಕೆ ಒಳಗೆ ಹೋಗ್ಲಿಲ್ಲ?”

ಮಡಿ ಮುಗಿದಿರಲಿಲ್ಲ. ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಂತು ಇದೆಂಥ ಪ್ರಶ್ನೆ ಎನ್ನುವ ಹಾಗೆ ನನ್ನನ್ನೇ ನೋಡಿದ.

“ನೀನೇ ಹೇಳಿದ್ದೆಯಲ್ಲೇ. ಹೊಸದು ದಾಟೋವರೆಗೂ ಹಳೇದನ್ನ ಮುಟ್ಟಬಾರದು ಅಂತ.”

ಹದಿಮೂರು ವರ್ಷದ ಹುಡುಗಿ ರಜೆಯಲ್ಲಿ ಕೂಗಿ ಹೇಳಿದ ಒಂದು ಮಾತನ್ನು ಹಿಡಿದುಕೊಂಡು ಇವನು ಆರು ವರ್ಷ ಹೊಸ್ತಿಲಾಚೆ ನಿಂತಿದ್ದ.

“ಮತ್ತೆ ಇವತ್ತು ದಾಟಿದೆ ಅಂತ ನಿನಗೆ ಹೇಗೆ ಗೊತ್ತಾಯ್ತು?”

“ಗೊತ್ತಿರ್ಲಿಲ್ಲ ಕಣೇ,” ಅಂದ ಚಿಕ್ಕಪ್ಪ. “ದೇವರಿಗೆ ನೀರು ಹಾಕೋರು ಯಾರೂ ಇರ್ಲಿಲ್ಲ. ಹೋದೆ.”

ಅಷ್ಟು ಹೇಳಿ, ಬಸ್ಸಿಗೆ ಹೊತ್ತಾಯಿತೆಂದು ಪಂಚೆ ಬಿಚ್ಚಿ ಪ್ಯಾಂಟು ಹಾಕಿಕೊಳ್ಳಲು ಬಿರಬಿರನೆ ಮನೆಯತ್ತ ನಡೆದ.