ಮಲಕಾಜಪ್ಪಜ್ಜನ ಮನೆಗೆ ಆಗಿಬರದ ಹರಳು

ನನ್ನ ಅವ್ವನ ಅಪ್ಪ, ಚಚಡಿಯ ಮಲಕಾಜಪ್ಪಜ್ಜ, ಪರೀಕ್ಷೆ ಮಾಡದೆ ಯಾವುದನ್ನೂ ಮನೆಯೊಳಗೆ ಬಿಟ್ಟುಕೊಂಡವನಲ್ಲ. ಸವದತ್ತಿ ಸಂತೆಯಲ್ಲಿ ಒಂದು ಗಡಿಗೆ ಕೊಳ್ಳಬೇಕಾದರೆ ಇದ್ದಬದ್ದ ಗಡಿಗೆಗಳನ್ನೆಲ್ಲ ಬಾರಿಸಿ, ಕುಂಬಾರ ಕೈಮುಗಿದ ಮೇಲೆಯೇ ಏಳುತ್ತಿದ್ದ. ಎತ್ತು ಕೊಳ್ಳುವ ಮುಂಚೆ ಎಂಟು ದಿನ ಹೂಡಿ ನೋಡುತ್ತಿದ್ದ. ನನ್ನ ಅಪ್ಪನನ್ನೂ ಬಿಡಲಿಲ್ಲ. ಹೆಣ್ಣು ನೋಡಲು ರಾಮದುರ್ಗದಿಂದ ಬಂದ ಹುಡುಗನನ್ನು ಹೊಲಕ್ಕೆ ಕರೆದೊಯ್ದು, ಬಾವಿಯಿಂದ ನೀರು ಸೇದಿಸಿ, ಏದುಸಿರು ಬರುತ್ತದೋ ಎಂದು ಕಿವಿಗೊಟ್ಟು ನಿಂತಿದ್ದನಂತೆ. ಹುಡುಗ ಹದಿನೈದು ಕೊಡ ಸೇದಿ, "ಇನ್ನೂ ಬೇಕೇನ್ರಿ ಮಾಮಾ?" ಎಂದು ನಗುತ್ತಾ ಕೇಳಿದ. ಬಣವೆಯ ಮರೆಯಲ್ಲಿ ನಿಂತಿದ್ದ ಅವ್ವ ಯಲ್ಲವ್ವನಿಗೆ ಆ ನಗು ಸಾಕಾಯಿತು. ಮದುವೆಯಾದರೆ ಇವನನ್ನೇ ಎಂದು ಅವಳು ಅಲ್ಲೇ ತೀರ್ಮಾನ ಮಾಡಿಬಿಟ್ಟಳು.

ಇದು ಸಾವಿರದ ಒಂಬೈನೂರ ಎಂಟೋ ಒಂಬತ್ತೋ ಇಸವಿಯ ಮಾತು. ಗಂಡಿನ ಕಾಕಾ ಬಸವಣ್ಣೆಪ್ಪ ಅರಳೆ ವ್ಯಾಪಾರಕ್ಕೆಂದು ಒಮ್ಮೆ ಹುಬ್ಬಳ್ಳಿಗೆ ಹೋದವನು ಅಲ್ಲಿ ಯಾರದೋ ಬೆರಳಲ್ಲಿ ವಜ್ರ ಕಂಡು ಬಂದಿದ್ದ. ನಿಶ್ಚಯದ ದಿನ ಹೆಣ್ಣಿನವರು ತಮ್ಮ ಹುಡುಗನಿಗೂ ವಜ್ರದ ಉಂಗುರವನ್ನೇ ಹಾಕಬೇಕೆಂದು ಹಟ ಹಿಡಿದ.

ವಜ್ರವೆಂದರೆ ಬಂಗಾರದ ಹಾಗಲ್ಲ, ಅದು ಮನೆಗೆ ಆಗಿಬರಬೇಕು ಎಂಬ ನಂಬಿಕೆ. ಅದಕ್ಕೇ ಸರಾಫರು ಹರಳನ್ನು ಮೂರು ದಿನ ಮನೆಗೆ ಕೊಟ್ಟು ಕಳಿಸುತ್ತಿದ್ದರು. ಅಷ್ಟರಲ್ಲಿ ಏನಾದರೂ ಕೆಟ್ಟದ್ದಾದರೆ ಮಾತಿಲ್ಲದೆ ಮರಳಿ ಇಸಿದುಕೊಳ್ಳುತ್ತಿದ್ದರು. ಅಜ್ಜನಿಗೆ ಇದಕ್ಕಿಂತ ಒಳ್ಳೆಯ ಪದ್ಧತಿ ಇನ್ನೊಂದು ಕಾಣಲಿಲ್ಲ.

"ಹಾಕ್ಕೊಳ್ಳಾವ ಅವರ ಹುಡುಗ. ಅವರ ಮನ್ಯಾಗ ಇಟ್ಟು ನೋಡ್ಲಿ," ಎಂದಳು ಅಜ್ಜನ ಹೆಂಡತಿ, ನನ್ನ ಆಯಿ ಸೋಮವ್ವ.

"ಅಲ್ಲಿ ಕೆಟ್ಟದ್ದಾದ್ರ, ಅದು ಹರಳಿಂದಾತೋ ಬಸವಣ್ಣೆಪ್ಪನ ಬಾಯಿಂದಾತೋ ಹೆಂಗ ತಿಳೀಬೇಕು?" ಎಂದ ಅಜ್ಜ. ಚಕ್ಕಡಿ ಹೂಡಿಕೊಂಡು ಬೈಲಹೊಂಗಲಕ್ಕೆ ಹೋಗಿ, ಸರಾಫ ಗಂಗಪ್ಪನಿಂದ ಕೆಂಪು ಕಾಗದದ ಪುಡಿಕೆಯಲ್ಲಿ ಒಂದು ಹರಳು ತಂದು ದೇವರ ಜಗಲಿಯ ಮೇಲಿಟ್ಟ.

ಎರಡನೆಯ ದಿನ ಎಮ್ಮೆ ಒದ್ದು ಹಾಲೆಲ್ಲ ಚೆಲ್ಲಿತು. ಅದು ದಿನ ಬಿಟ್ಟು ದಿನ ಒದೆಯುವ ಎಮ್ಮೆಯೇ. ಆದರೂ ಕೆಂಪು ಪುಡಿಕೆ ಮರಳಿ ಹೋಯಿತು. ನೀಲಿ ಪುಡಿಕೆ ಬಂದ ದಿನ ಆಯಿಯ ಅಕ್ಕ ಒಂದು ತಿಂಗಳಿಗಾಗುವಷ್ಟು ಗಂಟು ಹೊತ್ತು ಬಂದಿಳಿದಳು. ಅಜ್ಜ ಅವಳ ಗಂಟನ್ನು ನೋಡಿ, ಬಿಚ್ಚಿದ್ದ ಎತ್ತುಗಳನ್ನು ಮತ್ತೆ ಚಕ್ಕಡಿಗೆ ಹೂಡಿದ. ಹಳದಿ ಪುಡಿಕೆಯ ಮೂರನೆಯ ದಿನ ಊಟ ಮಾಡುವಾಗ ಅಜ್ಜನ ಹಲ್ಲೊಂದು ರೊಟ್ಟಿಯೊಳಗೇ ಉಳಿಯಿತು.

ಮೂರು ಸಲ ನಿಶ್ಚಯ ಮುಂದಕ್ಕೆ ಹೋದ ಮೇಲೆ ಬಸವಣ್ಣೆಪ್ಪ ಆಳಿನ ಕೈಯಲ್ಲಿ ಹೇಳಿಕಳಿಸಿದ: "ಬರೂ ಸೋಮವಾರ ಉಂಗರಾ ಬರಲಿಲ್ಲಂದ್ರ ಮಾತು ಮುರದಂಗ. ಮುನವಳ್ಳ್ಯಾಗ ನಾವು ಇನ್ನೊಂದು ಹೆಣ್ಣು ನೋಡೇವಿ."

ಅವ್ವ ಅಂದು ಉಣ್ಣಲಿಲ್ಲ. ಅಪ್ಪನೆದುರು ಬಾಯಿಬಿಡುವ ಕಾಲ ಅದಲ್ಲ. ಅಜ್ಜ ಬಿಳಿ ಪುಡಿಕೆ ತರಲು ಹೋದಾಗ ತಾಯಿಯ ಸೆರಗು ಹಿಡಿದು, "ಯವ್ವಾ, ಈ ಸಲ ಏನರ ಆದ್ರೂ ಅಪ್ಪಗ ಗೊತ್ತಾಗಬಾರ್ದು," ಎಂದಳು. ಆಯಿ ಒಂದು ಗಳಿಗೆ ಜಗಲಿಯ ಕಡೆ ನೋಡಿ, ದೇವರಿಗೆ ಕೈಮುಗಿದು, ಒಪ್ಪಿಕೊಂಡಳು.

ಆ ಮೂರು ದಿನ ನಮ್ಮ ಮನೆಯಲ್ಲಿ ನಡೆದಷ್ಟು ಸುಳ್ಳು ಕೋರ್ಟಿನಲ್ಲೂ ನಡೆದಿರಲಿಕ್ಕಿಲ್ಲ. ಎಮ್ಮೆ ಒದ್ದಾಗ ನೆರೆಮನೆಯ ಹಾಲು ಚರಿಗೆಗೆ ಬಂತು. ಹಿತ್ತಿಲ ಗೋಡೆ ಕುಸಿದಾಗ, "ನಾವ ಕೆಡವಿಸೇವ್ರಿ, ಗಾಳಿ ಬರಲಿ ಅಂತ," ಎಂದಳು ಆಯಿ. ಎರಡನೆಯ ದಿನದ ಸಂಜೆಗೆ ಅಜ್ಜ ಜಗಲಿಯ ಮುಂದೆ ನಿಂತು ಗದ್ದ ಸವರಿಕೊಂಡು, "ಇದು ಆಗಿಬರೂ ಹಂಗ ಕಾಣತೈತಿ," ಎಂದ. ಅವ್ವನ ಮುಖ ಅರಳಿತು. ಅಜ್ಜ ಅದನ್ನು ನೋಡಿದ. ಮಗಳು ಒಂದು ವಾರದಿಂದ ನಕ್ಕಿರಲಿಲ್ಲವೆಂಬುದು ಅವನಿಗೆ ಆಗಲೇ ಹೊಳೆದದ್ದು.

ಮೂರನೆಯ ದಿನ ಬೆಳಿಗ್ಗೆ ಅಜ್ಜ ಹಿತ್ತಿಲಲ್ಲಿ ಒಲೆಗೆಂದು ಸಗಣಿಯ ಕುಳ್ಳು ತೆಗೆಯಲು ಹೋದ. ಕುಳ್ಳಿನ ಸಂದಿಯಿಂದ ಚೇಳು ಬಂದು ಕಾಲಿನ ಹೆಬ್ಬೆರಳಿಗೆ ಕುಟುಕಿತು. ಅಜ್ಜ ಅಲ್ಲೇ ಕುಕ್ಕರಿಸಿದ. ಕೊಡ ಹಿಡಿದು ಬರುತ್ತಿದ್ದ ಅವ್ವ ಚೇಳನ್ನೂ ನೋಡಿದಳು, ಅಪ್ಪನನ್ನೂ ನೋಡಿದಳು. ಇದನ್ನು ಯಾರಿಂದ ಮುಚ್ಚಿಡುವುದು? ಎಲ್ಲ ಮುಗಿಯಿತು ಎಂದುಕೊಂಡಳಂತೆ.

"ಏನಾತು ಯಪ್ಪಾ?"

ಅಜ್ಜ ತಲೆಯೆತ್ತಿ ಮಗಳ ಮುಖವನ್ನೇ ನೋಡಿದ. ಉರಿಗೆ ಅವನ ಕಣ್ಣಲ್ಲಿ ನೀರು ತುಂಬಿತ್ತು. "ಏನೂ ಆಗಿಲ್ಲವ್ವ," ಎಂದ. "ಕಾಲು ಜೋಮು ಹಿಡದೈತಿ. ಚಕ್ಕಡಿ ಹೂಡಾಕ ಹೇಳು."

ಅವ್ವನಿಗೆ ಅಳು ಬಂತು, ಅಳಲಿಲ್ಲ. ಚೇಳನ್ನು ಕೊಡದ ತಳದಿಂದ ಜಜ್ಜಿ, ಕಾಲಿಗೆ ಸುಣ್ಣ ಹಚ್ಚಿದಳು. ಜೋಮಿಗೆ ಸುಣ್ಣ ಏಕೆಂದು ಅಜ್ಜನೂ ಕೇಳಲಿಲ್ಲ. ಊದಿ ಕುಂಬಳಕಾಯಿಯಾದ ಕಾಲನ್ನು ಚಕ್ಕಡಿಯಲ್ಲಿ ಚಾಚಿಕೊಂಡು ಬೈಲಹೊಂಗಲಕ್ಕೆ ಹೋಗಿ ಹರಳನ್ನು ಬಂಗಾರದ ಉಂಗುರಕ್ಕೆ ಕೂಡಿಸಲು ಕೊಟ್ಟು ಬಂದ.

ಸೋಮವಾರ ನಿಶ್ಚಯ ಸಾಂಗವಾಗಿ ನಡೆಯಿತು. ಊಟಕ್ಕೆ ಬಂದಿದ್ದ ಸರಾಫ ಗಂಗಪ್ಪ, ಎರಡನೆಯ ಹೋಳಿಗೆಯ ಮೇಲೆ ತುಪ್ಪ ಬಿದ್ದಾಗ, ತಡೆಯಲಾಗದೆ ಹೇಳಿಬಿಟ್ಟ: "ಗೌಡ್ರ, ಸಿಟ್ಟಾಗಬ್ಯಾಡ್ರಿ. ನನ್ನ ಹತ್ರ ಇದ್ದದ್ದ ಒಂದ ಹರಳು. ನಾಕೂ ಸಲ ಅದನ್ನ ಕೊಟ್ಟೇನಿ, ಕಾಗದಾ ಅಷ್ಟ ಬದಲಿ ಮಾಡಿದ್ದೆ."

ಬಸವಣ್ಣೆಪ್ಪನ ತುತ್ತು ಕೈಯಲ್ಲೇ ಉಳಿಯಿತು. ಅಜ್ಜ ಎಮ್ಮೆಯಿಂದ ಹಿಡಿದು ಹಲ್ಲಿನವರೆಗೆ ಎಲ್ಲವನ್ನೂ ಮನಸ್ಸಿನಲ್ಲೇ ಒಂದು ಸುತ್ತು ಹಾಕಿಬಂದ. ಆಮೇಲೆ ಅಳಿಯನ ಬೆರಳನ್ನು ನೋಡಿದ, ಬಾಗಿಲ ಹಿಂದೆ ನಿಂತಿದ್ದ ಮಗಳನ್ನು ನೋಡಿದ.

"ಇರ್ಲಿ ಬಿಡ್ರಿ ಗಂಗಪ್ಪ," ಎಂದ. "ಪಾಪ, ಅದಕ್ಕ ನಮ್ಮ ಮನಿ ರೂಢಿ ಆಗಾಕ ನಾಕು ಸಲ ಬೇಕಾತು."

ಹಾಗೆಂದು ಬೀಗರಿಗೆ ಇನ್ನೊಂದು ಹೋಳಿಗೆ ಬಡಿಸಲು ತಾನೇ ಎದ್ದ, ಕುಂಟುತ್ತ.